ಮಂಗಳವಾರದ ನಡುಕ

"ಕಾರು ನಡುಗ್ತಿದೆಯೋ, ನಾನೇ ನಡುಗ್ತಿದೀನೋ, ಅದೊಂದು ಹೇಳಿಬಿಡಿ ಸಾಕು. ರಿಪೇರಿ ಆಮೇಲಿನ ಮಾತು."

ಬುಧವಾರ ಬೆಳಿಗ್ಗೆ ವರ್ಕ್‌ಶಾಪಿನ ಶಟರ್ ಪೂರ್ತಿ ಮೇಲೇರುವ ಮೊದಲೇ ಒಳಗೆ ಬಂದ ಹೆಂಗಸಿನ ಮೊದಲ ಮಾತು ಇದು. ವಯಸ್ಸು ಅರವತ್ತು ದಾಟಿತ್ತು. ಎಡಗಾಲು ಮಡಚುತ್ತಿರಲಿಲ್ಲ, ಕೋಲಿನಂತೆ ನೆಟ್ಟಗೆ ಮುಂದೆ ಚಾಚಿಕೊಂಡೇ ಕುರ್ಚಿಯ ಮೇಲೆ ಕೂತರು. ಕೂತವರು ಎರಡೂ ಕೈಗಳನ್ನು ಬ್ಯಾಗಿನ ಕೆಳಗೆ ಮುಚ್ಚಿಟ್ಟುಕೊಂಡರು.

ದೂರು ಬರೆದುಕೊಳ್ಳುವ ಗುಮಾಸ್ತೆ ಅದನ್ನು ಗಮನಿಸಿದಳು. ಆ ವರ್ಕ್‌ಶಾಪಿನಲ್ಲಿ ಹದಿನಾರು ವರ್ಷದಿಂದ ಅವಳ ಕೆಲಸವೇ ಅದು: ಬಂದವರ ದೂರು ಕೇಳುವುದು, ಕಾರ್ಡಿನ ಮೇಲೆ ಬರೆಯುವುದು. ತುರುಬಿಗೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಅವಳ ಸ್ವಂತ ಹೆಸರು ಎಲ್ಲರಿಗೂ ಮರೆತೇಹೋಗಿ ಪೆನ್ಸಿಲ್ ಎಂದೇ ಆಗಿತ್ತು. ಗಾಡಿಯ ದೂರು ಹೇಳಲು ಬಂದವರು ಸಿಟ್ಟು ಮಾಡುತ್ತಾರೆ, ಗೊಣಗುತ್ತಾರೆ. ಹೀಗೆ ಹೆದರಿಕೊಂಡು ಬಂದವರನ್ನು ಅವಳು ನೋಡಿರಲಿಲ್ಲ.

"ನಿಧಾನವಾಗಿ ಹೇಳಿ ಅಮ್ಮ. ಎಷ್ಟು ದಿನದಿಂದ?"

"ಎರಡೂವರೆ ತಿಂಗಳಾಯ್ತು. ಅರವತ್ತೈದು, ಎಪ್ಪತ್ತರ ವೇಗಕ್ಕೆ ಬಂದಾಗ ಶುರುವಾಗುತ್ತೆ. ಸೀಟು, ಸ್ಟೀರಿಂಗ್, ಪಾದ, ಎಲ್ಲ ಜುಮ್ ಅನ್ನುತ್ತೆ. ಜೇನುಗೂಡಿನ ಮೇಲೆ ಕೂತ ಹಾಗೆ. ಟೈರಿನವರು ನೋಡಿದ್ರು, ಗೇರ್‌ಬಾಕ್ಸಿನವರು ನೋಡಿದ್ರು. ಅವರು ಓಡಿಸಿದ್ರೆ ಏನೂ ಇಲ್ಲ!"

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಗಂಡಸು ಬಂದು ನಿಂತ. ಐವತ್ತರ ಆಸುಪಾಸು, ಕೈಯಲ್ಲಿ ಕಾರಿನ ಕೀಲಿ. "ನಾನು ಇವರ ತಮ್ಮ," ಎಂದ. "ಅಕ್ಕ, ಸುಮ್ನೆ ಇವರಿಗೂ ತೊಂದರೆ ಯಾಕೆ? ಶನಿವಾರ ಹಳೇ ಗಾಡಿಯವರು ಬಂದು ತಗೊಂಡು ಹೋಗ್ತಾರೆ. ಸೋಮವಾರ ನರದ ಡಾಕ್ಟರ ಹತ್ರ ಹೋಗೋಣ ಅಂತ ಮಾತಾಗಿತ್ತಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನೀನು ಅಂದ್ಕೊಂಡಿದೀಯ. ಇವರೂ ಅಂದ್ಬಿಡಲಿ. ಆಮೇಲೆ ಕೊಟ್ಬಿಡ್ತೀನಿ," ಎಂದರು ಅಕ್ಕ.

ಮೂಲೆಯ ಬೆಂಚಿನಿಂದ ಕೆಮ್ಮು ಕೇಳಿಸಿತು. ಸಾವಧಾನಿ ಎದ್ದಿದ್ದರು.

ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಕೆಟ್ಟ ಗಾಡಿಗಳ ಕಾರಣ ಹುಡುಕಿ, ನಿವೃತ್ತರಾಗಿ, ಈ ವರ್ಕ್‌ಶಾಪಿನ ಮೂಲೆಯೊಂದನ್ನು ಹಿಡಿದು ಕೂತವರು ಅವರು. ಮಿಕ್ಕವರು ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ಅವರಿಗೆ ಒಂದು ಗಂಟೆ ಬೇಕು. ಅದಕ್ಕೇ ಬೆನ್ನ ಹಿಂದೆ ಸಾವಧಾನಿ, ಎದುರಿಗೆ ದೊಡ್ಡಪ್ಪ. ಮಿಕ್ಕವರು ಕೈಬಿಟ್ಟ ಗಾಡಿ ಮಾತ್ರ ಅವರ ಪಾಲು. ಆಗ ಪೆನ್ಸಿಲ್ ತನ್ನ ಮೇಜು ಬಿಟ್ಟು ಅವರ ಹಿಂದೆ ಹೊರಡುತ್ತಿದ್ದಳು. ವರ್ಕ್‌ಶಾಪಿನ ಯಜಮಾನರೂ ಅದಕ್ಕೆ ಬೇಡ ಎನ್ನುತ್ತಿರಲಿಲ್ಲ.

"ಏನು ಕೆಲಸ ಮಾಡ್ತೀರಿ ತಾಯಿ?" ಸಾವಧಾನಿ ಕೇಳಿದ ಮೊದಲ ಪ್ರಶ್ನೆ ಇದು. ಕಾರಿನ ಬಗ್ಗೆ ಅಲ್ಲ.

"ಟೀಚರ್ ಆಗಿದ್ದೆ. ಈಗ ಊರಾಚೆಯ ಮೂಳೆ ಆಸ್ಪತ್ರೆಗೆ ಲೈಬ್ರರಿ ಪುಸ್ತಕ ಸಾಗಿಸ್ತೀನಿ. ಅಪಘಾತ ಆದಾಗ ನಾನೂ ಅಲ್ಲೇ ಏಳು ತಿಂಗಳು ಮಲಗಿದ್ದೆ. ಛಾವಣಿಯ ಹಲಗೆ ಎಣಿಸಿ ಎಣಿಸಿ ಹುಚ್ಚು ಹಿಡಿಯೋ ಹಾಗಾಗಿತ್ತು. ಅದಕ್ಕೆ ಈಗ ವಾರಕ್ಕೆ ಎರಡು ದಿನ ಹೋಗ್ತೀನಿ. ಕ್ಲಚ್ ಇರೋ ಗಾಡಿ ಈ ಕಾಲಲ್ಲಿ ಓಡ್ಸೋಕಾಗಲ್ಲ. ಈ ಆಟೋಮ್ಯಾಟಿಕ್ ಹೋದ್ರೆ ನನ್ನ ಓಡಾಟವೂ ಹೋಯ್ತು."

ಹೊರಗೆ ನಿಂತಿದ್ದ ಕಾರು ಇಪ್ಪತ್ತೆರಡು ವರ್ಷದ್ದು. ಉದ್ದ ಮೂತಿ, ಮಾಸಿದ ನೀಲಿ ಬಣ್ಣ. ಇಂಜಿನ್ ಮುಂದೆ, ತಿರುಗುವ ಬಲವೆಲ್ಲ ಹಿಂದಿನ ಚಕ್ರಕ್ಕೆ. ಈಗ ಅಪರೂಪವಾದ ಜಾತಿ. ಒಳಗೆ ಕಣ್ಣಿಗೆ ಒತ್ತಿಕೊಳ್ಳುವಷ್ಟು ಚೊಕ್ಕ.

"ಡಿಕ್ಕಿ ಖಾಲಿ ಮಾಡಿ, ಗುಡಿಸಿ ತಂದಿದೀನಿ," ಎಂದರು ಟೀಚರ್. "ಬೇರೆಯವರ ಕೈಗೆ ಗಾಡಿ ಕೊಡುವಾಗ ಕಸ ತುಂಬಿ ಕೊಡಬಾರದು."

ಸಾವಧಾನಿ ಹೆದ್ದಾರಿಯಲ್ಲಿ ಓಡಿಸಿದರು. ಪಕ್ಕದಲ್ಲಿ ಟೀಚರ್, ಹಿಂದೆ ಪೆನ್ಸಿಲ್ ಮತ್ತು ತಮ್ಮ. ಐವತ್ತು, ಅರವತ್ತು, ಎಪ್ಪತ್ತು, ತೊಂಬತ್ತು. ಡ್ಯಾಷ್‌ಬೋರ್ಡಿನ ಮೇಲಿಟ್ಟ ಅರ್ಧ ತುಂಬಿದ ನೀರಿನ ಬಾಟಲಿ ಸಣ್ಣಗೆ ತುಳುಕಿತು, ಅಷ್ಟೆ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಓಡಿತು ಗಾಡಿ.

ಹಿಂದಿರುಗಿ ಇಳಿಯುವಾಗ ಟೀಚರ ಮುಖ ನೋಡಲು ಪೆನ್ಸಿಲ್‌ಗೆ ಆಗಲಿಲ್ಲ. ತಮ್ಮ ಮಾತ್ರ ಮೆಲ್ಲಗೆ, ನೋವಿನಿಂದಲೇ ಹೇಳಿದ: "ನಾನು ಸುಳ್ಳು ಹೇಳ್ತೀನಾ ದೊಡ್ಡಪ್ಪ? ಭಾನುವಾರ ನಾನೂ ಕೂತು ನೋಡಿದೆ, ಏನೂ ಇಲ್ಲ. ಆಸ್ಪತ್ರೆಯ ಬಾಗಿಲ ಹತ್ರ ಒಂದು ರಿಜಿಸ್ಟರ್ ಇದೆ. ಅದರಲ್ಲಿ ಅಕ್ಕನ ಸಹಿ ನೋಡಿದೆ. ಇರುವೆ ಸಾಲು ಚೆದುರಿದ ಹಾಗಿತ್ತು. ನಲವತ್ತು ವರ್ಷ ಬೋರ್ಡಿನ ಮೇಲೆ ಮುತ್ತಿನ ಹಾಗೆ ಬರೆದ ಕೈ ಅದು. ಇಂಥ ಕಾಯಿಲೆ ಹೀಗೇ ಶುರುವಾಗುತ್ತಂತೆ. ಒಂದು ಗಳಿಗೆ ಸರಿ, ಒಂದು ಗಳಿಗೆ ಇಲ್ಲ."

ಸಾವಧಾನಿ ಟೀಚರನ್ನು ಕೇಳಿದರು: "ನಡುಕ ಬಿಟ್ಟು ಬೇರೆ ಏನಾದ್ರೂ ಬದಲಾಗಿದೆಯಾ?"

ಅವರು ತಮ್ಮನ ಕಡೆ ನೋಡಿದರು. ಅವನು ಫೋನು ಹಿಡಿದು ಬಾಗಿಲಾಚೆ ಹೋಗುವ ತನಕ ಕಾದರು. ಆಮೇಲೆ ಹೇಳಿದರು: "ಅವನಿಗೆ ಹೇಳಿಲ್ಲ. ಕಿವಿನೂ ಮಂದ ಆಗ್ತಿದೆ ಅನ್ಸುತ್ತೆ. ಮೊದಲಿನ ಹಾಗೆ ಗಾಡಿ ಸದ್ದು ನನಗೆ ಕೇಳಿಸ್ತಾ ಇಲ್ಲ. ಕೈ ಹೋಯ್ತು, ಕಿವಿ ಹೋಯ್ತು. ಇನ್ನೇನು ಉಳೀತು?"

"ಗಾಡಿ ಕೆಳಗೆ ಏನಾದ್ರೂ ಕೆಲಸ ಮಾಡ್ಸಿದ್ರಾ?"

"ಎಣ್ಣೆ ಬದಲಾಯಿಸಿದ್ದು ಬಿಟ್ಟು ಎರಡು ವರ್ಷದಿಂದ ಏನೂ ಇಲ್ಲ. ಎಲ್ಲಾ ಬರೆದಿಟ್ಟಿದೀನಿ, ನೋಡಿ." ಕಾರಿನ ಸಣ್ಣ ಖಾನೆಯಿಂದ ತೆಗೆದ ಪುಸ್ತಕದಲ್ಲಿ ತಾರೀಖು ಸಮೇತ ಎಲ್ಲವೂ ಇತ್ತು.

"ಗಾಡಿ ಎರಡು ದಿನ ಇಲ್ಲಿರಲಿ. ಶುಕ್ರವಾರ ಮಧ್ಯಾಹ್ನ ಬನ್ನಿ," ಎಂದರು ಸಾವಧಾನಿ.

ಅಕ್ಕ ತಮ್ಮ ಹೋದ ಮೇಲೆ ಅವರು ಡಿಕ್ಕಿ ತೆರೆದು ಕನ್ನಡಕ ಏರಿಸಿಕೊಂಡರು. ಅರ್ಧ ಗಂಟೆ ಆ ಖಾಲಿ ಡಿಕ್ಕಿಯನ್ನೇ ನೋಡಿದರು. ಪೆನ್ಸಿಲ್‌ಗೆ ತಾಳ್ಮೆ ತಪ್ಪಿತು.

"ದೊಡ್ಡಪ್ಪ, ಅದರಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅನ್ನೋದನ್ನೇ ನೋಡ್ತಿದೀನಿ," ಎಂದು ಬೆರಳಿನಿಂದ ಡಿಕ್ಕಿಯ ಹಾಸು ಮುಟ್ಟಿದರು. ಹಾಸಿನ ಮೇಲೆ ಚೌಕ ಚೌಕವಾಗಿ ಗುಳಿ ಬಿದ್ದಿತ್ತು, ಮೂರು ಸಾಲು. "ನಾಳೆ ಆಸ್ಪತ್ರೆಗೆ ಹೋಗೋಣ. ಆ ಸಹಿ ನೋಡ್ಬೇಕು."

"ಸಹಿಗೂ ಕಾರಿಗೂ ಏನು ಸಂಬಂಧ?"

"ಇಲ್ಲದೆ ಇರಬಹುದು. ಆದ್ರೆ ಈ ಕೇಸಲ್ಲಿ ಬರವಣಿಗೆ ರೂಪದಲ್ಲಿರೋ ಸಾಕ್ಷಿ ಅದೊಂದೇ."

ಗುರುವಾರ ಅದೇ ನೀಲಿ ಕಾರಿನಲ್ಲಿ ಇಬ್ಬರೂ ಹೊರಟರು. ದಾರಿ ನಲವತ್ತು ಕಿಲೋಮೀಟರ್, ಬಹುಪಾಲು ಹೆದ್ದಾರಿ. ಹೋಗುವಾಗ ಎಂಥದೂ ನಡುಕವಿಲ್ಲ. ಆಸ್ಪತ್ರೆ ಉದ್ದನೆಯ ಒಂದಂತಸ್ತಿನ ಕಟ್ಟಡ. ಕಿಟಕಿಗಳ ಉದ್ದಕ್ಕೂ ಮಂಚಗಳು, ಮೇಲಕ್ಕೆ ತೂಗುಹಾಕಿದ ಬಿಳಿ ಕಾಲುಗಳು. ಪ್ರತಿ ಮಂಚದ ಪಕ್ಕದಲ್ಲೂ ಒಂದೋ ಎರಡೋ ಪುಸ್ತಕ ಇತ್ತು. ಒಬ್ಬ ಲಾರಿ ಡ್ರೈವರ್ ಕುತ್ತಿಗೆಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದವನು, ಟೀಚರ ಕಾರಿನ ಕೀಲಿಯನ್ನು ಸಾವಧಾನಿಯ ಕೈಯಲ್ಲಿ ಕಂಡು ಗಾಬರಿಯಾಗಿ ಕೇಳಿದ: "ಟೀಚರಮ್ಮ ಹುಷಾರಾಗಿದಾರಾ? ನಾಳೆ ಬರ್ತಾರೆ ತಾನೆ? ಇನ್ನು ಹದಿನಾಲ್ಕು ಪುಟ ಇದೆ, ಎರಡನೇ ಭಾಗ ತರ್ತೀನಿ ಅಂದಿದ್ರು."

"ಬರ್ತಾರೆ," ಎಂದಳು ಪೆನ್ಸಿಲ್. ಹೇಳಿದ ಮೇಲೆ ಅವಳಿಗೇ ಭಯವಾಯಿತು.

ಬಾಗಿಲ ಬಳಿಯ ದಾದಿ ರಿಜಿಸ್ಟರ್ ಕೊಟ್ಟಳು. ಒಳಗೆ ಬರುವವರು ಬಂದ ಕೂಡಲೇ ಸಹಿ ಮಾಡಬೇಕು, ಅದು ಅಲ್ಲಿನ ನಿಯಮ. ಸಾವಧಾನಿ ಬೆಂಚಿನ ಮೇಲೆ ಕೂತು ಪುಟ ತಿರುವಿದರು. ಒಂದು ಗಂಟೆಯ ನಂತರ ಪೆನ್ಸಿಲ್‌ಳನ್ನು ಕರೆದರು.

"ಇದನ್ನ ನೀನು ನೋಡು. ನಿನಗೆ ಅಕ್ಷರದ ಅಭ್ಯಾಸ ಇದೆ."

ಅವಳು ನೋಡಿದಳು. ತಮ್ಮ ಹೇಳಿದ್ದು ಸುಳ್ಳಲ್ಲ. ಸಹಿ ಅಲುಗಾಡಿತ್ತು, ಗೆರೆ ಗರಗಸದ ಹಲ್ಲಿನಂತೆ ಓಡಿತ್ತು. ಆದರೆ ಅವರ ಮುಂದಿನ ಸಹಿ ನೆಟ್ಟಗಿತ್ತು, ಮುತ್ತಿನ ಹಾಗೆ. ಮತ್ತೆ ಒಂದು ಅಲುಗಾಡಿದ್ದು, ಮತ್ತೆ ಒಂದು ಮುತ್ತು. ಅವಳು ಎಡಬದಿಯ ತಾರೀಖು ಓದಿದಳು, ಗೋಡೆಯ ಕ್ಯಾಲೆಂಡರ್ ನೋಡಿದಳು.

"ದೊಡ್ಡಪ್ಪ! ನಡುಗಿರೋದೆಲ್ಲ ಮಂಗಳವಾರ. ಶುಕ್ರವಾರದ್ದು ಒಂದೂ ನಡುಗಿಲ್ಲ!"

"ಎಷ್ಟು ಮಂಗಳವಾರ?"

"ಹನ್ನೊಂದು. ಅದಕ್ಕಿಂತ ಹಿಂದೆ ಎಲ್ಲ ಸರಿಯಾಗೇ ಇದೆ."

"ನರದ ಕಾಯಿಲೆ ಕ್ಯಾಲೆಂಡರ್ ನೋಡ್ಕೊಂಡು ಬರಲ್ಲ," ಎಂದರು ಸಾವಧಾನಿ, ದಾದಿಯ ಕಡೆ ತಿರುಗಿ. "ಮಂಗಳವಾರಕ್ಕೂ ಶುಕ್ರವಾರಕ್ಕೂ ಏನಮ್ಮ ವ್ಯತ್ಯಾಸ?"

"ಮಂಗಳವಾರ ಹೊಸ ಪುಸ್ತಕದ ಪೆಟ್ಟಿಗೆ ತರ್ತಾರೆ. ಒಂಬತ್ತು ಪೆಟ್ಟಿಗೆ, ಎತ್ತೋಕೆ ಇಬ್ಬರು ಬೇಕು. ಶುಕ್ರವಾರ ಖಾಲಿ ಬಂದು, ಓದಿದ್ದನ್ನ ವಾಪಸ್ ತಗೊಂಡು ಹೋಗ್ತಾರೆ."

"ಆ ಒಂಬತ್ತನ್ನೂ ಇವತ್ತೇ ನಾವು ತಗೊಂಡು ಹೋಗಬಹುದಾ?"

ಇಬ್ಬರು ಆಳುಗಳು ಒಂಬತ್ತು ಪೆಟ್ಟಿಗೆ ತಂದು ಡಿಕ್ಕಿಯಲ್ಲಿಟ್ಟರು. ಒಂದೊಂದೂ ಹಾಸಿನ ಗುಳಿಯಲ್ಲಿ ಸರಿಯಾಗಿ ಕೂತಿತು. ಕಾರಿನ ಹಿಂಭಾಗ ನಾಲ್ಕು ಬೆರಳಷ್ಟು ತಗ್ಗಿತು. ಲಾರಿ ಡ್ರೈವರ್ ಮಾತ್ರ ತನ್ನ ಪುಸ್ತಕ ಕೊಡಲಿಲ್ಲ.

ಹೆದ್ದಾರಿಗೆ ಬಂದರು. ಪೆನ್ಸಿಲ್ ನೀರಿನ ಬಾಟಲಿಯ ಮೇಲೇ ಕಣ್ಣಿಟ್ಟು ಕೂತಳು. ಐವತ್ತೈದು. ಅರವತ್ತು. ಅರವತ್ತೆರಡಕ್ಕೆ ಅವಳ ಅಂಗಾಲಿನಲ್ಲಿ ಏನೋ ಹರಿದ ಹಾಗಾಯಿತು. ಅರವತ್ತೈದಕ್ಕೆ ಸೀಟು ಜುಮ್ಮೆಂದಿತು. ಬಾಟಲಿಯ ನೀರಿನ ಮೇಲೆ ಉಂಗುರದೊಳಗೆ ಉಂಗುರ ಎದ್ದವು.

"ನಡುಗ್ತಿದೆ!" ಅವಳು ಕಿರುಚಿದಳು. "ದೊಡ್ಡಪ್ಪ, ನಡುಗ್ತಿದೆ! ಟೀಚರಮ್ಮಂದಲ್ಲ, ಕಾರಿಂದೇ!"

ಗಾಡಿ ನಡುಗುತ್ತಿದೆ ಎಂದು ಇಷ್ಟು ಸಂತೋಷಪಟ್ಟವರು ಆ ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಾವಧಾನಿ ಮಾತ್ರ ನಗಲಿಲ್ಲ. "ಕಳ್ಳ ಮನೇಲಿದಾನೆ ಅಂತ ಗೊತ್ತಾಯ್ತು. ಯಾವ ಕೋಣೆ ಅಂತ ನೋಡೋಣ. ಬರ್ಕೋ."

ಅವರು ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಹಾಗೇ ಇಟ್ಟು, ಎಡಗಾಲಿನಿಂದ ಬ್ರೇಕನ್ನು ಹೂವು ಮುಟ್ಟಿದ ಹಾಗೆ ಮುಟ್ಟಿದರು. ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಕೊಂಚ ಮೇಲೆದ್ದಿತು. ನಡುಕ ಹಾಗೇ ಇತ್ತು. ಆಮೇಲೆ ಹಿಂದೆ ಯಾವ ಗಾಡಿಯೂ ಇಲ್ಲದ ಕಡೆ ನ್ಯೂಟ್ರಲ್‌ಗೆ ಹಾಕಿದರು. ಇಂಜಿನ್ನಿನ ಸದ್ದು ಧೊಪ್ಪನೆ ಇಳಿಯಿತು. ಕಾರು ತನ್ನ ವೇಗದಲ್ಲೇ ಉರುಳಿತು. ಉಂಗುರಗಳು ಸ್ವಲ್ಪ ಸಣ್ಣವಾದವು, ಆದರೆ ಹೋಗಲಿಲ್ಲ.

ಮಧ್ಯಾಹ್ನ ಪೆಟ್ಟಿಗೆಗಳ ಸಮೇತ ಕಾರನ್ನು ವರ್ಕ್‌ಶಾಪಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿದರು. ಸಾವಧಾನಿ ಕೆಳಗಿಳಿದರು. ಪೆನ್ಸಿಲ್ ದೀಪ ಹಿಡಿದಳು. ಕಾರಿನ ಹೊಟ್ಟೆ ಪೂರ್ತಿ ತುಕ್ಕು, ಮಣ್ಣು, ಜಿಡ್ಡು. ಆ ಕತ್ತಲಲ್ಲಿ ಒಂದು ಪೈಪು ಮಾತ್ರ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಇದೇನು ದೊಡ್ಡಪ್ಪ?"

"ಸೈಲೆನ್ಸರ್ ಪೈಪು," ಎಂದರು. ಅದರ ಬೆಸುಗೆಯ ಮೇಲೆ ಬೆರಳಾಡಿಸಿದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ತನಕ ಹೋಗುವ, ಶಾಫ್ಟ್ ಎನ್ನುವ ಉದ್ದನೆಯ ಕೊಳವೆ, ಅದರ ನಡುವಿನ ಬೇರಿಂಗ್, ಬೇರಿಂಗನ್ನು ಕಾರಿನ ತಳಕ್ಕೆ ಬಿಗಿದ ಎರಡು ಬೋಲ್ಟು, ಇವುಗಳನ್ನು ಒಂದು ಗಂಟೆ ನೋಡಿದರು. ಮೇಲೆ ಬಂದು ಕೈ ಒರೆಸಿಕೊಂಡು, "ನಾಳೆ ಮಧ್ಯಾಹ್ನ ಟೈರಿನವನನ್ನ, ಗೇರ್‌ಬಾಕ್ಸಿನವನನ್ನ ಕರಿ. ಹಿಂದಿನ ಬೀದಿಯ ಸೈಲೆನ್ಸರ್ ವೆಲ್ಡರನ್ನೂ ಕರಿ. ಅವನ ಹಳೇ ನಟ್ಟು ಬೋಲ್ಟಿನ ಡಬ್ಬಿ ತರೋಕೆ ಹೇಳು. ಯಾಕೆ ಅಂತ ಕೇಳಿದ್ರೆ ನನಗೊಂದು ವಾಷರ್ ಬೇಕು ಅನ್ನು," ಎಂದರು.

ಪೆನ್ಸಿಲ್ ಆ ಸಂಜೆಯೇ ಟೀಚರಿಗೆ ಫೋನು ಮಾಡಿ, ಕಾರು ನಡುಗಿದ್ದನ್ನು ತಾನೇ ಕಂಡೆ ಎಂದು ಹೇಳಿಬಿಟ್ಟಳು. ಅಷ್ಟು ಹೊತ್ತು ಒಬ್ಬರನ್ನು ಹೆದರಿಕೆಯಲ್ಲಿ ಇಡುವುದು ಅವಳಿಂದ ಆಗಲಿಲ್ಲ. ಆ ಕಡೆಯಿಂದ ಟೀಚರ್, "ಇನ್ನೊಂದು ಸಲ ಹೇಳಮ್ಮ," ಎಂದರು.

ಶುಕ್ರವಾರ ಊಟದ ನಂತರ ಎಲ್ಲರೂ ಗುಂಡಿಯ ಸುತ್ತ ಸೇರಿದರು. ಟೀಚರಿಗೆ ಕುರ್ಚಿ. ತಮ್ಮ ಅವರ ಹಿಂದೆ. ಟೈರಿನವನು ಕೈ ಕಟ್ಟಿ ನಿಂತಿದ್ದ. ಗೇರ್‌ಬಾಕ್ಸಿನವನು, ದಪ್ಪ ಆಸಾಮಿ, ಆಗಲೇ ಜಗಳಕ್ಕೆ ತಯಾರಾಗಿದ್ದ. ಸಣಕಲ ವೆಲ್ಡರ್ ಡಬ್ಬಿಯನ್ನು ಮಗುವಿನ ಹಾಗೆ ಅವುಚಿಕೊಂಡಿದ್ದ.

"ಗೇರ್‌ಬಾಕ್ಸ್ ಸತ್ತೋಗಿದೆ ಅಂತ ನಾನು ಆವತ್ತೇ ಹೇಳಿದೆ," ಎಂದ ದಪ್ಪ ಆಸಾಮಿ. "ಹಳೇ ಆಟೋಮ್ಯಾಟಿಕ್ ನಡುಗಿದ್ರೆ ಮತ್ತೇನಿರುತ್ತೆ?"

"ಎಲ್ಲರೂ ಮೊದಲು ಅದನ್ನೇ ಹಿಡಿಯೋದು," ಎಂದರು ಸಾವಧಾನಿ. "ಆಟೋಮ್ಯಾಟಿಕ್‌ನಲ್ಲಿ ಇಂಜಿನ್ ಬಲ ಎಣ್ಣೆ ಮೂಲಕ ಗೇರ್‌ಬಾಕ್ಸಿಗೆ ದಾಟುತ್ತೆ. ವೇಗ ಬಂದ ಮೇಲೆ ಒಳಗಿನ ಒಂದು ಬಿಲ್ಲೆ ಎರಡನ್ನೂ ಕಚ್ಚಿ ಹಿಡಿಯುತ್ತೆ. ಆ ಬಿಲ್ಲೆ ಸವೆದ್ರೆ ಇದೇ ವೇಗದಲ್ಲಿ ನಡುಕ ಬರುತ್ತೆ, ನಿನ್ನ ಅನುಮಾನ ತಪ್ಪಲ್ಲ. ಆದ್ರೆ ಬ್ರೇಕ್ ಮುಟ್ಟಿದ ತಕ್ಷಣ ಅದು ಕಚ್ಚಿದ್ದನ್ನ ಬಿಡುತ್ತೆ. ನಾನು ಮುಟ್ಟಿದೆ. ನಡುಕ ಬಿಡಲಿಲ್ಲ. ನ್ಯೂಟ್ರಲ್‌ಗೆ ಹಾಕಿದೆ. ಇಂಜಿನ್ ತೂಕಡಿಸ್ತು, ನಡುಕ ಎಚ್ಚರವಾಗೇ ಇತ್ತು. ಹಾಗಾದ್ರೆ ಇಂಜಿನ್ ಅಲ್ಲ, ಆ ಬಿಲ್ಲೆನೂ ಅಲ್ಲ. ಗಾಡಿ ಉರುಳಿದ್ರೆ ಏನೇನು ತಿರುಗುತ್ತೋ ಅದರಲ್ಲೇ ಇದೆ ಕಳ್ಳ."

ಟೈರಿನವನು ಕಟ್ಟಿದ ಕೈ ಬಿಟ್ಟ. "ನಾನು ನಾಲ್ಕು ಚಕ್ರನೂ ಬ್ಯಾಲೆನ್ಸ್ ಮಾಡಿದೀನಿ. ಹಿಂದಿಂದು ಮುಂದಕ್ಕೆ ಹಾಕಿದೀನಿ."

"ಮಾಡಿದೀಯ. ಚಕ್ರದ ದೋಷ ಇದ್ರೆ ದಡ, ದಡ ಅಂತ ನಿಧಾನಕ್ಕೆ ಕುಲುಕುತ್ತೆ. ಇದು ಜೇನುಗೂಡಿನ ಹಾಗೆ ಅಂತ ಟೀಚರಮ್ಮ ಬಾಗಿಲಲ್ಲೇ ಹೇಳಿದ್ರು. ಚಕ್ರ ಒಂದು ಸುತ್ತು ಬರೋದ್ರೊಳಗೆ ನಾಲ್ಕು ಸುತ್ತು ಬರೋದು ಯಾವುದು? ಈ ಉದ್ದನೆ ಶಾಫ್ಟು. ನೀವಿಬ್ಬರೂ ಖಾಲಿ ಗಾಡಿ ಓಡಿಸಿದ್ರಿ. ನಾನೂ ಮೊದಲ ದಿನ ಅದೇ ತಪ್ಪು ಮಾಡಿದೆ. ಟೀಚರಮ್ಮನ ಮರ್ಯಾದೆಯೇ ನಮ್ಮ ಕಣ್ಣು ಕಟ್ಟಿತು. ರಿಪೇರಿಗೆ ಕೊಡುವಾಗೆಲ್ಲ ಡಿಕ್ಕಿ ಖಾಲಿ ಮಾಡಿ, ಗುಡಿಸಿ ಕೊಡ್ತಾರೆ."

ಟೀಚರ್ ಹಣೆ ಒತ್ತಿಕೊಂಡರು. "ಅಯ್ಯೋ ನನ್ನ ಶಿಸ್ತಿಗಿಷ್ಟು!"

"ನಲವತ್ತು ಕಿಲೋಮೀಟರ್ ನಡುಗೋ ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಇಳಿದ ಕೂಡಲೇ ಪೆನ್ನು ಹಿಡಿದ್ರೆ ಯಾರ ಕೈ ನಡುಗಲ್ಲ ಹೇಳಿ? ಅದಕ್ಕೇ ಪೆಟ್ಟಿಗೆ ತುಂಬಿಕೊಂಡು ಹೋದ ಮಂಗಳವಾರದ ಸಹಿ ಅಲುಗಾಡಿದೆ, ಖಾಲಿ ಹೋದ ಶುಕ್ರವಾರದ್ದು ನೆಟ್ಟಗಿದೆ."

ಅವರು ಎರಡೂ ಕೈ ಮುಂದೆ ಚಾಚಿ, ಮೊಣಕೈ ಮತ್ತು ಮಣಿಕಟ್ಟು ಬಾಗಿಸಿ ತೋರಿಸಿದರು. "ಶಾಫ್ಟಿಗೂ ಹೀಗೆ ಕೀಲು ಇದೆ. ಬಾಗಿ ತಿರುಗೋ ಕೀಲು ಪ್ರತಿ ಸುತ್ತಿಗೂ ಒಂದಿಷ್ಟು ಎಡವುತ್ತೆ. ಮುಂದಿನ ಕೀಲು ಎಡವಿದ್ದನ್ನ ಹಿಂದಿನದು ಸರಿದೂಗಿಸಬೇಕು. ಸಂಸಾರದ ಹಾಗೆ. ಹಾಗಾಗಬೇಕಾದ್ರೆ ಎರಡರ ಬಾಗೂ ಹೊಂದಬೇಕು. ನಡುವಿನ ಬೇರಿಂಗ್ ಎತ್ತರ ತಪ್ಪಿದ್ರೆ ಹೊಂದಿಕೆ ತಪ್ಪುತ್ತೆ. ಖಾಲಿ ಗಾಡಿಯಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತೆ. ಒಂಬತ್ತು ಪೆಟ್ಟಿಗೆ ಹೇರಿ ಹಿಂಭಾಗ ತಗ್ಗಿದ್ರೆ ಸುಧಾರಿಸೋಕೆ ಆಗಲ್ಲ."

"ಎರಡು ವರ್ಷದಿಂದ ಹೇರ್ತಿದೀನಲ್ಲ, ಈಗ ಯಾಕೆ?" ಟೀಚರ್ ಕೇಳಿದರು.

"ಅದೇ ಪ್ರಶ್ನೆ. ಈ ಗಾಡಿಗೆ ಬೇರಿಂಗಿಗೂ ತಳಕ್ಕೂ ನಡುವೆ ಎತ್ತರ ಹೊಂದಿಸೋ ಎರಡು ಪ್ಯಾಕಿಂಗ್ ಪಟ್ಟಿ ಇರ್ಬೇಕು. ಇಲ್ಲ. ಬೋಲ್ಟಿನ ಮೇಲೆ ನಟ್ಟು ಇಪ್ಪತ್ತು ವರ್ಷ ಕೂತಿದ್ದ ಜಾಗ ತುಕ್ಕಿಲ್ಲದೆ ಹೊಳೀತಿದೆ. ಈಗ ನಟ್ಟು ಅದಕ್ಕಿಂತ ಮೇಲೆ ಕೂತಿದೆ. ಆ ಅಂತರ ಎಷ್ಟೋ ಕಾಣೆಯಾದ ಪಟ್ಟಿ ಅಷ್ಟು ದಪ್ಪ. ಯಾರೋ ಶಾಫ್ಟ್ ಇಳಿಸಿ, ಪಟ್ಟಿ ಇಲ್ಲದೆ ವಾಪಸ್ ಬಿಗಿದಿದಾರೆ. ಯಾಕೆ ಇಳಿಸಿದ್ರು? ಈ ಗಾಡಿಯಲ್ಲಿ ಸೈಲೆನ್ಸರ್ ಪೈಪು ಶಾಫ್ಟಿನ ಮೇಲಿಂದ ಹಾಯುತ್ತೆ. ಶಾಫ್ಟ್ ಇಳಿಸದೆ ಹಳೇ ಪೈಪು ಹೊರಗೆ ಬರಲ್ಲ. ಟೀಚರಮ್ಮನ ಪುಸ್ತಕದಲ್ಲಿ ಸೈಲೆನ್ಸರ್ ಮಾತೇ ಇಲ್ಲ. ಆದ್ರೆ ಕೆಳಗೆ ಹೊಚ್ಚ ಹೊಸ ಪೈಪು ಇದೆ. ಬೆಸುಗೆ ಅಂದ್ರೆ ಕೈಬರಹ ಇದ್ದ ಹಾಗೆ. ಕೊನೆಯಲ್ಲಿ ಹೀಗೆ ಬಾಲ ಎಳೆಯೋನು ಈ ಕಡೆಯಲ್ಲಿ ಒಬ್ಬನೇ."

ಎಲ್ಲರೂ ವೆಲ್ಡರನ್ನು ನೋಡಿದರು. ಆದರೆ ಪೆನ್ಸಿಲ್‌ಳ ಕಣ್ಣು ಬೇರೆ ಕಡೆ ಹೋಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಟೀಚರ ತಮ್ಮ ತನ್ನ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದ.

"ನನ್ನನ್ಯಾಕೆ ನೋಡ್ತೀರಿ? ಗಾಡಿ ತಂದೋರು ಇವರೇ ಅಲ್ವಾ!" ವೆಲ್ಡರ್ ನೇರವಾಗಿ ತಮ್ಮನ ಕಡೆ ಬೆರಳು ಮಾಡಿದ. "ಸಂಜೆ ಒಳಗೆ ಕೊಡಿ, ಅಕ್ಕನಿಗೆ ಗೊತ್ತಾಗಬಾರದು ಅಂತ ಅವಸರ ಮಾಡಿದ್ರು. ಬಿಗಿದಾದ ಮೇಲೆ ಕೆಳಗೆ ಎರಡು ಪಟ್ಟಿ ಬಿದ್ದಿತ್ತು. ನನ್ನದೇ ಯಾವುದೋ ಮಿಕ್ಕಿದ್ದು ಅಂತ ಡಬ್ಬಿಗೆ ಹಾಕ್ದೆ. ದೇವರಾಣೆ, ಬೇಕಂತ ಮಾಡಿಲ್ಲ."

ಡಬ್ಬಿಯನ್ನು ಬೆಂಚಿನ ಮೇಲೆ ಸುರಿದರು. ಗೇರ್‌ಬಾಕ್ಸಿನವನೂ ಟೈರಿನವನೂ ತಾವೇ ಮುಂದಾಗಿ ಹುಡುಕಿದರು. ಜಗಳ ಮರೆತೇ ಹೋಗಿತ್ತು. ಎರಡು ತೂತಿನ, ಒಂದು ಬದಿ ತುಕ್ಕು, ಒಂದು ಬದಿ ನಯವಾದ ಪಟ್ಟಿಗಳು ಒಂದರ ಹಿಂದೆ ಒಂದು ಸಿಕ್ಕವು. ಸಾವಧಾನಿ ಅಳತೆ ಹಿಡಿದರು. ಬೋಲ್ಟಿನ ಮೇಲಿನ ಅಂತರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಟೀಚರ್ ನಿಧಾನವಾಗಿ ಹಿಂದೆ ತಿರುಗಿದರು. "ನೀನೇನೋ?"

"ನೀನು ಹಲ್ಲು ಕೀಳಿಸಿಕೊಂಡ ದಿನ ಅಕ್ಕ. ಸೋಮವಾರ," ಎಂದ ತಮ್ಮ. "ಸೈಲೆನ್ಸರ್ ತೂತಾಗಿ ಟ್ರಾಕ್ಟರ್ ಹಾಗೆ ಸದ್ದು ಮಾಡ್ತಿತ್ತು. ಹೇಳಿದ್ರೆ ನೀನು 'ಓಡುತ್ತಲ್ಲ, ಬಿಡು' ಅಂತಿದ್ದೆ. ಹೊಗೆ ಒಳಗೆ ಬಂದು ಏನಾದ್ರೂ ಆದ್ರೆ ಅಂತ ಹೆದರಿ ನಾನೇ ಹಾಕಿಸಿದೆ. ಸೈಲೆನ್ಸರಿಗೂ ನಡುಕಕ್ಕೂ ನಂಟಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಾನೇ ಮಾಡಿ, ನಾನೇ ನಿನಗೆ ಕಾಯಿಲೆ ಅಂದೆ. ನಾನೇ ಗಾಡಿ ಮಾರಿಸೋಕೆ ಹೊರಟೆ."

ಅವನು ಇನ್ನೂ ಏನೋ ಹೇಳುವುದರಲ್ಲಿದ್ದ. ಟೀಚರ್ ಕೈಯೆತ್ತಿ ತಡೆದರು. ಅವರ ಮುಖದಲ್ಲಿ ಬೇರೇನೋ ಮೂಡುತ್ತಿತ್ತು.

"ಇರು ಇರು. ಸದ್ದು ಕಡಿಮೆಯಾಗಿದ್ದು ಅದಕ್ಕಾ? ಹೊಸ ಸೈಲೆನ್ಸರಿಗಾ? ಹಾಗಾದ್ರೆ ನನ್ನ ಕಿವಿ..."

"ನಿಮ್ಮ ಕಿವಿ ಸರಿಯಾಗೇ ಕೇಳಿಸಿಕೊಂಡಿದೆ ತಾಯಿ," ಎಂದರು ಸಾವಧಾನಿ. "ಗಾಡಿ ಸದ್ದು ಇಳಿದಿದೆ ಅಂತ ಗುರುತಿಸಿದ್ದು ನೀವೊಬ್ಬರೇ. ನನಗೆ ಸೈಲೆನ್ಸರ್ ನೋಡ್ಬೇಕು ಅಂತ ಮೊದಲು ಹೊಳೆದದ್ದೇ ಆ ಮಾತಿಂದ."

ಟೀಚರಿಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಭುಜ ಕುಲುಕುವ ಹಾಗೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅವರು ನಗುತ್ತಲೇ ಇದ್ದರು. "ಹನ್ನೊಂದು ವಾರ ಕಣೋ! ಹನ್ನೊಂದು ವಾರದಿಂದ ಪ್ರತಿ ರಾತ್ರಿ ಕೈ ಚಾಚಿ ಬೆರಳು ನೋಡ್ಕೊಂಡು ಮಲಗಿದೀನಿ!" ಎಂದು ತಮ್ಮನ ತಲೆಯ ಮೇಲೆ ಒಂದು ಮೊಟಕಿದರು. ಐವತ್ತು ದಾಟಿದ ಗಂಡಸು ತಲೆ ಬಗ್ಗಿಸಿ ನಿಂತು ಮೊಟಕಿಸಿಕೊಂಡ. ಮೊಟಕಿದ ಕೈ ಅಲ್ಲೇ ಅವನ ಕೂದಲ ಮೇಲೆ ಉಳಿಯಿತು.

ವೆಲ್ಡರ್ ತಾನೇ ಗುಂಡಿಗಿಳಿದು ಪಟ್ಟಿಗಳನ್ನು ಕೂರಿಸಿ ಬಿಗಿದ. ಸಾವಧಾನಿ ದೀಪ ಹಿಡಿದು ಪ್ರತಿ ಸುತ್ತನ್ನೂ ನೋಡಿದರು. ಮುಕ್ಕಾಲು ಗಂಟೆ ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ. ಒಂಬತ್ತು ಪೆಟ್ಟಿಗೆ ಹಾಗೇ ಇತ್ತು. ಈ ಸಲ ಸ್ಟೀರಿಂಗ್ ಹಿಡಿದವರು ಟೀಚರ್. ಪಕ್ಕದಲ್ಲಿ ಸಾವಧಾನಿ, ಹಿಂದೆ ಪೆನ್ಸಿಲ್. ಅರವತ್ತು. ಅರವತ್ತೈದು. ಟೀಚರ್ ಉಸಿರು ಬಿಗಿಹಿಡಿದಿದ್ದು ಪೆನ್ಸಿಲ್‌ಗೆ ಹಿಂದಿನಿಂದಲೇ ಗೊತ್ತಾಯಿತು. ಎಪ್ಪತ್ತು. ಎಂಬತ್ತು. ಬಾಟಲಿಯ ನೀರು ಬಾವಿಯ ನೀರಿನ ಹಾಗೆ ನಿಂತಿತ್ತು. ಟೀಚರ್ ಒಂದು ದೀರ್ಘ ಉಸಿರು ಬಿಟ್ಟು, ಸೀಟಿಗೆ ಒರಗಿ, ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದರು.

ತಿರುಗಿ ಬಂದಾಗ ತಮ್ಮ ವರ್ಕ್‌ಶಾಪಿನ ಬಾಗಿಲಲ್ಲೇ ಕಾಯುತ್ತಿದ್ದ. ಕಾರಿನೊಳಗಿನ ಮೂವರ ಮುಖ ನೋಡಿದವನೇ ಏನೂ ಕೇಳದೆ ಫೋನು ತೆಗೆದು ಹಳೇ ಗಾಡಿಯವರಿಗೆ ಹೇಳಿದ: "ನಾಳೆ ಬರಬೇಡಿ. ಕಾರು ಕೊಡಲ್ಲ. ಯಾವತ್ತೂ ಕೊಡಲ್ಲ." ಆಮೇಲೆ ಡಾಕ್ಟರ ನಂಬರ್ ಹುಡುಕತೊಡಗಿದ.

"ಅದನ್ನ ರದ್ದು ಮಾಡಬೇಡ," ಎಂದರು ಸಾವಧಾನಿ, ಕಾರಿನಿಂದ ಇಳಿಯುತ್ತಾ. "ನಾನು ಕಾರಿಗೆ ಮಾತ್ರ ಡಾಕ್ಟರ್. ಒಮ್ಮೆ ತೋರಿಸಿಕೊಂಡು ಬರಲಿ."

"ಹೋಗ್ತೀನಿ," ಎಂದರು ಟೀಚರ್. "ನಾನೇ ಓಡಿಸಿಕೊಂಡು ಹೋಗ್ತೀನಿ."

ಪೆನ್ಸಿಲ್ ಕೂಡ ಇಳಿದು ಟೀಚರ ಕಿಟಕಿಯ ಹತ್ತಿರ ಬಗ್ಗಿದಳು. "ಟೀಚರಮ್ಮ, ಆಸ್ಪತ್ರೆಯಲ್ಲಿ ಒಬ್ಬ ಲಾರಿ ಡ್ರೈವರ್ ಇದಾನೆ. ಎರಡನೇ ಭಾಗ ಬೇಕಂತೆ. ನಿನ್ನೆ ಹದಿನಾಲ್ಕು ಪುಟ ಉಳಿದಿತ್ತು."

"ಇಷ್ಟೊತ್ತಿಗೆ ಮುಗಿದಿರುತ್ತೆ. ಪಾಪ!" ಟೀಚರ್ ಗಡಿಯಾರ ನೋಡಿದರು. "ಲೈಬ್ರರಿ ಐದಕ್ಕೆ ಮುಚ್ಚುತ್ತೆ. ಈ ಪೆಟ್ಟಿಗೆ ಇಳಿಸಿ ಅದನ್ನ ತಗೊಂಡ್ರೆ ಆರರೊಳಗೆ ಅಲ್ಲಿರಬಹುದು." ಗೇರಿನ ಕಡ್ಡಿ ಎಳೆದರು. ಕಾರು ಹೊರಟೇಬಿಟ್ಟಿತು.

"ಅಕ್ಕ! ನಾನು?" ತಮ್ಮ ಕೂಗಿದ.

ಇಪ್ಪತ್ತು ಹೆಜ್ಜೆ ದೂರದಲ್ಲಿ ಬ್ರೇಕ್ ದೀಪ ಹತ್ತಿತು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯಿತು. ಅವನು ಚಪ್ಪಲಿ ಜಾರಿದ್ದನ್ನೂ ಲೆಕ್ಕಿಸದೆ ಓಡಿಹೋಗಿ ಹತ್ತಿಕೊಂಡ.